ಮುನ್ನೂರು ರೂಪಾಯಿಯ ಜನ

ಚುನಾವಣಾ ಸಭೆಯ ಫೋಟೊವೊಂದು ಕಣ್ಣಿಗೆ ಬಿದ್ದರೆ ಸಾಕು, ನಮ್ಮ ಹಾಸ್ಟೆಲಿನ ಮೆಸ್ಸಿನಲ್ಲಿ ಯಾರಾದರೊಬ್ಬರು ಹೇಳುತ್ತಾರೆ: ‘ಎಲ್ಲಾ ದುಡ್ಡು ಕೊಟ್ಟು ಕರ್ಕೊಂಡು ಬಂದಿರೋ ಜನ.’ ಹೇಳುವವರು ಸಾಮಾನ್ಯವಾಗಿ ನನ್ನ ಹಾಗೆ ಪಿಎಚ್.ಡಿ. ಮಾಡುತ್ತಿರುವವರು. ಅವರ ಮಹಾಪ್ರಬಂಧದ ಶೀರ್ಷಿಕೆಯಲ್ಲಿ ‘ಜನಪದ’ವೋ ‘ಜನಪರ’ವೋ ಇದ್ದೇ ಇರುತ್ತದೆ. ನಾನೂ ಆ ಮಾತನ್ನು ಎಷ್ಟೋ ಸಲ ಹೇಳಿದ್ದೇನೆ. 2023ರ ಏಪ್ರಿಲ್ ಕೊನೆಯ ವಾರದವರೆಗೆ ಒಂದೇ ಒಂದು ಪ್ರಚಾರ ಸಭೆಗೂ ಹೋಗದೆಯೇ ಹೇಳಿದ್ದೇನೆ. ಹೋಗಿ ಬಂದ ಮೇಲೆ ಹೇಳಲು ನಾಲಗೆ ಹೊರಳುತ್ತಿಲ್ಲ. ಮಾತು ನಿಜವೇ. ಆದರೆ ಆ ನಿಜದ ಅವಮಾನವನ್ನು ನಾವು ಹೊರಿಸುತ್ತಿರುವುದು ತಪ್ಪು ತಲೆಯ ಮೇಲೆ.

ವಿಧಾನಸಭಾ ಚುನಾವಣೆಗೆ ಎರಡು ವಾರ ಉಳಿದಿತ್ತು. ಕ್ಯಾಂಪಸ್ಸಿನಿಂದ ಬಸ್ಸಿನಲ್ಲಿ ಒಂದು ಗಂಟೆ ದೂರದ ತಾಲ್ಲೂಕು ಕೇಂದ್ರ. ಅಭ್ಯರ್ಥಿ ಮೂರು ಗಂಟೆಗೆ ಬರುತ್ತಾರೆಂದು ಮೈಕಿನಲ್ಲಿ ಕೂಗುತ್ತಿದ್ದರು. ಟ್ರ್ಯಾಕ್ಟರು, ಲಗೇಜ್ ಆಟೊಗಳಲ್ಲಿ ಜನ ಬಂದಿಳಿಯುತ್ತಿದ್ದರು. ನಾನು ಶಾಮಿಯಾನದ ಕೆಳಗೆ ಹೆಂಗಸರ ಕಡೆ ಹೋಗಿ ಕೂತೆ. ಪಕ್ಕದಲ್ಲಿದ್ದ ನಲವತ್ತೈದರ ಆಸುಪಾಸಿನ ಹೆಂಗಸು ಪಕ್ಷದ ಶಾಲನ್ನು ಮಡಿಸಿ ಬಿಸಿಲಿಗೆ ತಲೆಯ ಮೇಲೆ ಹಾಕಿಕೊಂಡಿದ್ದರು. ‘ನಿಂಗೆಷ್ಟು ಕೊಟ್ರು ತಂಗಿ?’ ಅಂದರು. ಏನೂ ಇಲ್ಲ, ಸುಮ್ಮನೆ ನೋಡೋಕೆ ಬಂದೆ ಅಂದೆ. ಅಯ್ಯೋ ಪಾಪ ಅನ್ನುವ ಹಾಗೆ ನೋಡಿದರು. ‘ನಮಗೆ ಮುನ್ನೂರು, ಮ್ಯಾಲೊಂದು ಪೊಟ್ಟಣ ಪಲಾವು. ತೋಟದ ಕೆಲಸಕ್ಕೆ ಹೋಗಿದ್ರೂ ಅಷ್ಟೇ ಸಿಗೋದು. ಇವತ್ತು ಬೆನ್ನಿಗಾದ್ರೂ ರಜಾ.’

‘ಹಂಗಾದ್ರೆ ಓಟು ಇವರಿಗೇನಾ ಅಕ್ಕ?’

‘ಕೂಲಿ ಕೂಲಿಗೆ, ಓಟು ಓಟಿಗೆ. ತೋಟದ ಸಾವ್ಕಾರ್ರು ಕೂಲಿ ಕೊಟ್ರೆ ಅವರ ಮನೆ ಸೊಸೆ ಆಗಿಬಿಡ್ತೀವಾ?’

ಈ ಉತ್ತರ ಕೇಳಿದಾಗ ನನಗೆ ನೆನಪಾದದ್ದು ನಮ್ಮ ವಿಚಾರ ಸಂಕಿರಣಗಳು. ಉದ್ಘಾಟನೆಗೆ ಸಭಾಂಗಣ ಖಾಲಿ ಕಾಣಬಾರದೆಂದು ಪದವಿ ತರಗತಿಗಳ ಮಕ್ಕಳನ್ನು ಹಾಜರಿ ಕೊಡುವುದಾಗಿ ಹೇಳಿ ತಂದು ಕೂರಿಸುತ್ತೇವೆ. ನಾವು ಸಂಶೋಧಕರು ಪ್ರಮಾಣಪತ್ರಕ್ಕೆ ಹೋಗುತ್ತೇವೆ. ವಿದ್ವಾಂಸರು ಪ್ರಯಾಣ ಭತ್ಯೆಯ ಬಿಲ್ಲಿಗೆ ಸಹಿ ಹಾಕಿ ಭಾಷಣ ಮಾಡುತ್ತಾರೆ. ಊಟದ ನಂತರದ ಗೋಷ್ಠಿಯಲ್ಲಿ ಎಷ್ಟು ಜನ ಉಳಿದಿರುತ್ತಾರೆ ಎಂದು ನಿಮಗೂ ಗೊತ್ತು. ಅಲ್ಲಿ ಕೂತವರನ್ನು ನಾವು ‘ಮಾರಿಕೊಂಡವರು’ ಅನ್ನುವುದಿಲ್ಲ, ‘ಸಭಿಕರು’ ಅನ್ನುತ್ತೇವೆ. ಹಾಜರಿಗಾಗಿ ಕೂತ ಹುಡುಗನ ಅಭಿಪ್ರಾಯ ಅವನದೇ ಎಂದು ನಂಬುವ ನಮಗೆ, ಕೂಲಿಗಾಗಿ ಕೂತ ಹೆಂಗಸಿನ ಓಟು ಅವಳದೇ ಎಂದು ನಂಬಲು ಏನು ಕಷ್ಟ?

ಓಟಿಗೆ ದುಡ್ಡು ಹಂಚುವುದನ್ನು ನಾನು ಸಮರ್ಥಿಸುತ್ತಿಲ್ಲ. ಅದು ನಡೆಯುತ್ತದೆ, ಅದು ಅಪರಾಧ. ಕಾನೂನಿನ ಪ್ರಕಾರ ಕೊಡುವುದೂ ಅಪರಾಧ, ತೆಗೆದುಕೊಳ್ಳುವುದೂ ಅಪರಾಧ. ಆದರೆ ಸಭೆಗೆ ಬಂದ ಕೂಲಿಯನ್ನು ಓಟಿನ ಬೆಲೆ ಎಂದು ಓದಿದರೆ ನಿಜವಾದ ಲೆಕ್ಕ ತಪ್ಪಿಹೋಗುತ್ತದೆ. ಆ ಚುನಾವಣೆಯಲ್ಲಿ ವಿಧಾನಸಭಾ ಅಭ್ಯರ್ಥಿಯೊಬ್ಬರ ವೆಚ್ಚದ ಮಿತಿ 40 ಲಕ್ಷ ರೂಪಾಯಿ. ಐದು ಸಾವಿರ ಜನರಿಗೆ ತಲಾ 300ರಂತೆ ಕೊಟ್ಟರೆ ಒಂದೇ ಮಧ್ಯಾಹ್ನಕ್ಕೆ 15 ಲಕ್ಷ. ಕುರ್ಚಿ, ಶಾಮಿಯಾನ, ಊಟ, ಹಾರ ಎಲ್ಲಕ್ಕೂ ಜಿಲ್ಲಾ ಚುನಾವಣಾಧಿಕಾರಿ ದರಪಟ್ಟಿ ಹೊರಡಿಸುತ್ತಾರೆ. ಅದರ ಪ್ರಕಾರ ಅಭ್ಯರ್ಥಿ ಲೆಕ್ಕ ಒಪ್ಪಿಸಬೇಕು. ಆಮೇಲೆ ಅಂಥದ್ದೊಂದು ಪಟ್ಟಿ ಹುಡುಕಿ ಓದಿದೆ. ಕುರ್ಚಿಗೆ ದರವಿತ್ತು. ಕುರ್ಚಿಯಲ್ಲಿ ಕೂತವಳಿಗೆ ಇರಲಿಲ್ಲ. ಆ ದುಡ್ಡು ಎಲ್ಲಿಂದ ಬಂತು, ಯಾವ ಪುಸ್ತಕದಲ್ಲಿ ಬರೆದಿರಿ ಎಂದು ಕೊಟ್ಟವರನ್ನು ಕೇಳುವುದು ಬಿಟ್ಟು, ಯಾಕೆ ತಗೊಂಡೆ ಎಂದು ನಾವು ಅವಳನ್ನು ಕೇಳುತ್ತೇವೆ. ಅವಳನ್ನು ಕೇಳುವುದು ಸುಲಭ.

ನಮ್ಮ ಓದಿನ ವಲಯಕ್ಕೆ ಪ್ರಿಯವಾದ ಕತೆಯೊಂದಿದೆ. ಕಾಗೋಡು ಸತ್ಯಾಗ್ರಹದ ಮರುವರ್ಷ, 1952ರಲ್ಲಿ, ವಿಧಾನಸಭೆಗೆ ಗೆದ್ದ ಶಾಂತವೇರಿ ಗೋಪಾಲಗೌಡರದು. ಅವರ ‘ಒಂದು ಓಟು, ಒಂದು ನೋಟು’ ಎಂಬ ಮಾತಿನದು. ಅನಂತಮೂರ್ತಿಯವರ ‘ಅವಸ್ಥೆ’ಯ ಕೃಷ್ಣಪ್ಪನಿಗೆ ಅವರೇ ಪ್ರೇರಣೆ ಎಂದು ನಾವೆಲ್ಲ ಪರೀಕ್ಷೆಯಲ್ಲಿ ಬರೆದಿದ್ದೇವೆ. ‘ಆಗ ಜನ ಕೊಡುತ್ತಿದ್ದರು, ಈಗ ಜನ ಇಸಿದುಕೊಳ್ಳುತ್ತಾರೆ, ಜನ ಕೆಟ್ಟರು’ ಎಂದು ನಿಟ್ಟುಸಿರಿಡಲು ಈ ಕತೆಯನ್ನು ಬಳಸುತ್ತೇವೆ. ನನಗೆ ಬೇರೆಯೇ ಕಾಣುತ್ತದೆ. ಒಂದು ರೂಪಾಯಿ ಕೊಟ್ಟವನು ಮರುದಿನ ನಾಯಕನ ಅಂಗಿ ಹಿಡಿದು ಏನಯ್ಯಾ ಮಾಡಿದೆ ಎಂದು ಕೇಳಬಹುದಿತ್ತು. ಇವತ್ತು ದುಡ್ಡು ತಿರುಗಿ ಹರಿಯುವುದರ ನಿಜವಾದ ಲಾಭ ಇದೇ: ಇಸಿದುಕೊಂಡವಳಿಗೆ ಇನ್ನು ಕೇಳುವ ಹಕ್ಕಿಲ್ಲ ಎಂದು ಎಲ್ಲರೂ ಒಪ್ಪಿಬಿಡುತ್ತಾರೆ. ನಾಯಕರ ಜೊತೆಗೆ ನಾವೂ ಒಪ್ಪಿಬಿಟ್ಟಿದ್ದೇವೆ.

ಅಕ್ಕನಿಗೆ ಕೇಳುವುದಿತ್ತು. ಕೊರೊನಾ ಕಾಲದಲ್ಲಿ ನಿಂತ ಅವರೂರಿನ ಸಂಜೆಯ ಬಸ್ಸು ಮತ್ತೆ ಶುರುವಾಗಿರಲಿಲ್ಲ. ಕ್ರಾಸಿನಿಂದ ಊರಿಗೆ ಮೂರು ಕಿಲೋಮೀಟರು ಕತ್ತಲಲ್ಲಿ ನಡೆಯಬೇಕೆಂದು ಮಗಳು ಪಿಯುಸಿ ಅರ್ಧಕ್ಕೆ ಬಿಟ್ಟಿದ್ದಳು. ಎಲ್ಲಿ ಕೇಳಬೇಕಿತ್ತು? ತಾಲ್ಲೂಕು, ಜಿಲ್ಲಾ ಪಂಚಾಯ್ತಿಗಳ ಅವಧಿ 2021ರಲ್ಲೇ ಮುಗಿದು, ಚುನಾವಣೆಯಾಗದೆ, ಅಲ್ಲಿ ಚುನಾಯಿತ ಸದಸ್ಯರೇ ಇರಲಿಲ್ಲ. ‘ನೀನು ಓದಿದಾಕಿ, ಒಂದು ಚೀಟಿ ಬರ್ಕೊಡು’ ಅಂದರು. ನೋಟ್‌ಬುಕ್ಕಿನ ಹಾಳೆ ಹರಿದು ನಾಲ್ಕು ಸಾಲು ಬರೆದೆ. ಊರಿನ ಹೆಸರು, ಬಸ್ಸಿನ ಹೊತ್ತು, ಮಗಳ ವಿಷಯ. ಶಾಲು ಹಾಕಿಕೊಂಡು ಓಡಾಡುತ್ತಿದ್ದ ಹುಡುಗನ ಕೈಗೆ ಕೊಟ್ಟೆವು. ಅವನು ಓದದೆ ಅಂಗಿಯ ಜೇಬಿಗಿಟ್ಟುಕೊಂಡ.

ಅಭ್ಯರ್ಥಿ ಬಂದಾಗ ಐದು ಗಂಟೆ. ಕ್ರೇನಿನಿಂದ ಸೇಬಿನ ಹಾರ ಇಳಿಯಿತು, ಡೊಳ್ಳು ಬಾರಿಸಿತು, ಡ್ರೋನು ತಲೆಯ ಮೇಲೆ ಸುತ್ತಿತು. ಭಾಷಣ ಹನ್ನೆರಡು ನಿಮಿಷ. ಎದುರಾಳಿಯ ಮನೆತನ, ತಮ್ಮ ಜಾತಿಯ ಸ್ವಾಮಿಗಳ ಆಶೀರ್ವಾದ, ಕೊನೆಗೆ ‘ನಿಮ್ಮ ಮನೆ ಮಗ’. ಮೂರು ತಾಸು ಕಾದ ಜನರಲ್ಲಿ ಒಬ್ಬರಿಗೂ ಮೈಕು ಸಿಗಲಿಲ್ಲ. ಸಿಗಬೇಕೆಂಬ ಯೋಚನೆಯೇ ಅಲ್ಲಿ ಯಾರಿಗೂ ಇದ್ದಂತೆ ಕಾಣಲಿಲ್ಲ. ಹೊತ್ತಿಗೆ ಮುಂಚೆ ಬಂದವರು, ಬಿಸಿಲಲ್ಲಿ ಕೂತವರು, ತಾವು ಒಪ್ಪಿದ ಕೆಲಸ ಮಾಡಿದವರು ಜನ. ತಡವಾಗಿ ಬಂದು, ಕೆಲಸದ ಮಾತೇ ಆಡದೆ ಹೋದವರು ಮಾತ್ರ ಯಾರ ಬಾಯಲ್ಲೂ ‘ದುಡ್ಡಿಗೆ ಬಂದವರು’ ಅನ್ನಿಸಿಕೊಳ್ಳುವುದಿಲ್ಲ.

ಹಾಗಾಗಿ ಆ ಮಾತನ್ನು ಬಿಡೋಣ ಎಂದು ನನ್ನ ಓರಗೆಯವರಿಗೆ ಹೇಳುತ್ತಿದ್ದೇನೆ. ಹೇಳಲೇಬೇಕೆಂದಿದ್ದರೆ ಪೂರ್ತಿ ಹೇಳೋಣ: ಯಾರು ಕೊಟ್ಟರು, ಎಷ್ಟು ಕೊಟ್ಟರು, ಯಾವ ಲೆಕ್ಕದಲ್ಲಿ. ಮುಂದಿನ ಚುನಾವಣೆಗೆ ನಿಮ್ಮೂರಿನ ಸಭೆಗೊಮ್ಮೆ ಹೋಗಿ. ವೇದಿಕೆಯ ಕಡೆ ನೋಡುವುದಕ್ಕಿಂತ ಪಕ್ಕದ ಕುರ್ಚಿಯವರನ್ನು ಮಾತಾಡಿಸಿ. ಭಾಷಣದಷ್ಟೇ ಹೊತ್ತು ಪ್ರಶ್ನೆಗೂ ಕೊಡಿ ಎಂದು ಸಂಘಟಕರಿಗೆ ಕೇಳಿ. ಅವರು ನಗಬಹುದು, ಹತ್ತು ಜನ ಕೇಳಿದರೆ ನಗು ಸಣ್ಣದಾಗುತ್ತದೆ.

ಸಭೆ ಮುಗಿದ ಮೇಲೆ ಟ್ರ್ಯಾಕ್ಟರು ಹತ್ತುತ್ತ ಅಕ್ಕ ನನ್ನನ್ನು ಕೂಗಿ ಕೇಳಿದರು: ‘ತಂಗಿ, ನಂ ಚೀಟಿ ಓದಿದ್ರಾ? ಗದ್ದಲದಾಗೆ ನಂಗೆ ಕೇಳಿಸ್ಲಿಲ್ಲ.’

ಇಲ್ಲ ಅಕ್ಕ ಅಂದೆ. ಟ್ರ್ಯಾಕ್ಟರಿನ ಸದ್ದಿಗೆ ಅದೂ ಅವರಿಗೆ ಕೇಳಿಸಿತೋ ಇಲ್ಲವೋ.