ಉಸಿರಿನ ಪಂದ್ಯಕ್ಕೆ ಊನದ ಹೆಸರು

ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟದೆ, ಒಂದೇ ಉಸಿರು ಹಿಡಿದು ನೀರಿಗಿಳಿಯುವುದು ಇಂದು ಹಲವು ದೇಶಗಳಲ್ಲಿ ಪಂದ್ಯವಾಗಿದೆ. ಇದೇ ಫ್ರೀಡೈವಿಂಗ್. 1992ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ‘ಐಡಾ’ ಎಂಬ ಅಂತಾರಾಷ್ಟ್ರೀಯ ಸಂಸ್ಥೆ ಇದಕ್ಕೆ ನಿಯಮ ಬರೆದಿದೆ, ದಾಖಲೆ ಇಡುತ್ತದೆ. ಕ್ರೀಡೆಯ ಬಗ್ಗೆ ನನ್ನ ತಕರಾರಿಲ್ಲ; ಅದರ ವಿಭಾಗಗಳ ಹೆಸರುಗಳ ಬಗ್ಗೆ ಉಂಟು. ಮುಳುಗುವವರು ಏನು ಮಾಡುತ್ತಾರೆಂಬುದನ್ನು ಅವು ಹೇಳುವುದಿಲ್ಲ. ಅವುಗಳಲ್ಲೊಂದಂತೂ ಸುಳ್ಳನ್ನೇ ಹೇಳುತ್ತದೆ.

‘ಕಾನ್‌ಸ್ಟಂಟ್ ವೇಟ್’ ಎಂಬುದನ್ನೇ ನೋಡಿ. ನಾಳೆ ನಮ್ಮ ಪತ್ರಿಕೆಯವರು ಇದನ್ನು ‘ಸ್ಥಿರ ಭಾರ’ ಎಂದು ಕನ್ನಡಿಸಿದರೆ, ಓದಿದವರು ಭಾರ ಎತ್ತುವ ಸ್ಪರ್ಧೆಯೆಂದೇ ತಿಳಿದಾರು. ನಿಜದಲ್ಲಿ ಇದು ಕಾಲಿಗೆ ಈಜುರೆಕ್ಕೆ ತೊಟ್ಟು, ಹಗ್ಗ ಎಳೆಯದೆ, ಸ್ವಂತ ಬಲದಿಂದ ಇಳಿದು ಏರುವ ಪಂಥ. ಮೈಮೇಲಿನ ಭಾರವನ್ನು ತಳದಲ್ಲಿ ಕಳಚಿ ಬರಬಾರದು ಎಂಬ ಒಂದು ನಿಯಮವೇ ಹೆಸರಾಗಿ ಕುಳಿತಿದೆ! ‘ಫ್ರೀ ಇಮರ್ಶನ್’ ಇನ್ನೂ ವಿಚಿತ್ರ. ಅಲ್ಲಿ ಈಜುರೆಕ್ಕೆಯಿಲ್ಲ, ಹಗ್ಗವನ್ನು ಕೈಯಿಂದ ಎಳೆಯುತ್ತಲೇ ಇಳಿಯಬೇಕು, ಎಳೆಯುತ್ತಲೇ ಏರಬೇಕು. ಹಗ್ಗವೇ ಸರ್ವಸ್ವವಾದ ಪಂಥ ‘ಫ್ರೀ’ ಆದದ್ದು ಹೇಗೆ?

ಇವೆಲ್ಲ ನಗುವ ಮಾತಾದವು. ನಗಲಾಗದ ಹೆಸರು ‘ನೋ ಲಿಮಿಟ್ಸ್’. ಭಾರದ ಜಾರುಬಂಡಿ ಹಿಡಿದು ಇಳಿದು, ಗಾಳಿ ತುಂಬಿದ ಬಲೂನು ಹಿಡಿದು ಏರುವ ಸಾಹಸವಿದು; ದಾಖಲೆಗಾಗಿಯೇ ನಡೆದದ್ದು. 2002ರ ಅಕ್ಟೋಬರ್ 12ರಂದು ಡೊಮಿನಿಕನ್ ಗಣರಾಜ್ಯದ ಕಡಲಲ್ಲಿ ಆಡ್ರೆ ಮೆಸ್ತ್ರ್ 171 ಮೀಟರಿಗೆ ಇಳಿದರು. ಮೇಲೆ ತರಬೇಕಾದ ಬಲೂನಿಗೆ ಸಾಕಷ್ಟು ಗಾಳಿ ಸಿಗಲಿಲ್ಲ, ಅವರು ಬದುಕಲಿಲ್ಲ. 2007ರಲ್ಲಿ ಫ್ರಾನ್ಸಿನ ಲೋಯಿಕ್ ಲೆಫರ್ಮ್ ಅಭ್ಯಾಸದ ವೇಳೆ ತೀರಿಕೊಂಡರು. ಅದೇ ವರ್ಷ 214 ಮೀಟರ್ ಮುಟ್ಟಿ ಬಂದ ಆಸ್ಟ್ರಿಯಾದ ಹರ್ಬರ್ಟ್ ನಿಚ್, 2012ರಲ್ಲಿ ಇನ್ನೂ ಆಳಕ್ಕೆ ಹೋಗಿ ಮಿದುಳಿಗೆ ಪೆಟ್ಟು ತಿಂದು ಮರಳಿದರು. ಮಿತಿ ಇಲ್ಲವೆ? ಮೂವರ ಶರೀರವೂ ‘ಇದೆ’ ಎಂದಿತು.

ಸಾಧನಗಳಿಗೆ ಮಿತಿಯಿಲ್ಲವೆಂದಷ್ಟೇ ಅದರ ಅರ್ಥ, ಬಲ್ಲವರಿಗೆ ಗೊತ್ತಿದೆ ಎಂದು ವಾದಿಸುವವರುಂಟು. ಒಪ್ಪೋಣ. ಆದರೆ ಹೆಸರು ಬಲ್ಲವರಿಗಾಗಿ ಮಾತ್ರ ಇರುವುದೇ? ಸೇರಬೇಕೆಂದು ಹಟ ಹಿಡಿದ ಹುಡುಗನಿಗೂ, ಅರ್ಜಿಗೆ ರುಜು ಹಾಕುವ ಅವನ ತಾಯಿಗೂ ಅರ್ಥ ತಿಳಿಯಬೇಡವೆ?

ಹೊಟ್ಟೆಪಾಡಿಗಾಗಿ ಮುಳುಗುವವರ ಮಾತು ನೋಡಿ. ಜಪಾನಿನ ಆಮಾ ಹೆಂಗಸರಲ್ಲಿ ದಡದಿಂದ ಹೋಗುವವರು ಕಚಿದೊ, ದೋಣಿಯಿಂದ ಇಳಿಯುವವರು ಫುನಾದೊ. ಕೊರಿಯಾದ ಜೇಜು ದ್ವೀಪದ ಹೆನ್ಯೊ ಹೆಂಗಸರು ಮೇಲೆದ್ದು ಬಿಡುವ ಶಿಳ್ಳೆಯಂಥ ಉಸಿರಿಗೆ ‘ಸುಂಬಿಸೋರಿ’ ಎಂಬ ಹೆಸರೇ ಇದೆ. ಪಂದ್ಯದವರ ಪದವಾದ ‘ಅಪ್ನಿಯಾ’ ಗ್ರೀಕಿನಲ್ಲಿ ಉಸಿರಿಲ್ಲದಿರುವಿಕೆ. ನಿದ್ದೆಯಲ್ಲಿ ಉಸಿರು ನಿಲ್ಲುವ ಕಾಯಿಲೆಗೂ ವೈದ್ಯರು ಅದನ್ನೇ ಬಳಸುತ್ತಾರೆ. ದುಡಿಯುವವಳು ಮರಳಿ ಬಂದ ಉಸಿರಿಗೆ ಹೆಸರಿಟ್ಟಳು, ಪಂದ್ಯದವರು ಇಲ್ಲದ ಉಸಿರಿಗೆ ಇಟ್ಟರು.

ರೂಢಿಯಾದ ಹೆಸರು ಬದಲಾಗದು ಎನ್ನಬೇಡಿ. ನಾನು ಬ್ಯಾಂಕಿನ ಗುಮಾಸ್ತ. 2005ರಲ್ಲಿ ಬಡವರಿಗಾಗಿ ಬಂದ ‘ನೋ ಫ್ರಿಲ್ಸ್’ ಖಾತೆಯ ಹೆಸರು ಕಳಂಕದಂತಾಗಿದೆಯೆಂದು ಕಂಡು, 2012ರಲ್ಲಿ ರಿಸರ್ವ್ ಬ್ಯಾಂಕು ಅದನ್ನು ಮೂಲ ಉಳಿತಾಯ ಖಾತೆಯಾಗಿಸಿತು. ಖಾತೆಗೆ ಸಲ್ಲುವ ಮರ್ಯಾದೆ ಪ್ರಾಣಕ್ಕೆ ಸಲ್ಲಬಾರದೇ?

ಐಡಾದವರು ನನ್ನ ಮಾತು ಕೇಳಲಾರರು. ಆದರೆ ಕನ್ನಡದಲ್ಲಿ ಹೆಸರಿಡುವ ಹಕ್ಕು ನಮ್ಮದು. ‘ಸ್ಥಿರ ಭಾರ’ ಬೇಡ, ‘ರೆಕ್ಕೆಮುಳುಗು’ ಸಾಕು. ರೆಕ್ಕೆಯಿಲ್ಲದ್ದು ‘ಬರಿಗಾಲ ಮುಳುಗು’. ‘ಫ್ರೀ ಇಮರ್ಶನ್’ ಎಂಬುದು ‘ಹಗ್ಗಮುಳುಗು’. ‘ನೋ ಲಿಮಿಟ್ಸ್’ಗೆ ‘ಬಂಡಿ ಇಳಿತ, ಬಲೂನು ಏರಿಕೆ’ ಎನ್ನೋಣ, ಉದ್ದವಾದರೂ ಸತ್ಯ. ಮಲಯಾಳ ಬಾಂಧವರಲ್ಲಿ ‘ಮುಙ್ಙಲ್’ ಇದೆ, ಬಂಡೆಯಡಿ ಮುಳುಗಿ ಕಲ್ಲುಮ್ಮಕ್ಕಾಯ ಕೀಳುವವರ ಅನುಭವವಿದೆ. ಇಂಗ್ಲಿಷಿನ ಪದಕ್ಕೆ ಪದ ಜೋಡಿಸುವ ಮೊದಲು ಎರಡೂ ಭಾಷೆಯ ಅನುವಾದಕರು ಅಂಥವರನ್ನು ಒಮ್ಮೆ ಕೇಳಲಿ.