ಒಂದು ಹೆಸರು ಮಾಡಿದ ಅನರ್ಥ

ರೋಗಕ್ಕೆ ಹೆಸರಿಡುವುದು ವೈದ್ಯರ ಕೆಲಸ. ಕನ್ನಡ ಮಾಸ್ತರರಿಗೆ ಅಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ಕೆಲಸವಿದೆ. ಹೆಸರು ತಪ್ಪಿದರೆ ಪ್ರಾಣ ಹೋಗುವ ಸಂದರ್ಭವೂ ಉಂಟು.

‘ಸಕ್ಕರೆ ಕಾಯಿಲೆ’ ಎಂಬ ಮಾತನ್ನೇ ತೆಗೆದುಕೊಳ್ಳಿ. ನಮ್ಮ ಗೊಬ್ಬೂರಿನ ಕಡೆ ಅದು ‘ಸಕ್ರಿ ಬ್ಯಾನಿ’. ಈ ಹೆಸರಿನಿಂದ ಜನರು ಕಟ್ಟಿಕೊಂಡ ತರ್ಕಕ್ಕೆ ಎರಡೇ ಮೆಟ್ಟಿಲು: ಬ್ಯಾನಿ ಸಕ್ಕರೆಯಿಂದ ಬಂದಿತು; ಆದುದರಿಂದ ಸಕ್ಕರೆ ಮುಟ್ಟಿಸಬಾರದು. ಐವತ್ತು ದಾಟಿದ ಸಾಹುಕಾರರಿಗೆ ಈ ತರ್ಕದಿಂದಾಗುವ ನಷ್ಟ ಒಂದು ಬಟ್ಟಲು ಹುಗ್ಗಿ. ಆದರೆ ಟೈಪ್ ಒಂದು ಎಂಬ ಬಗೆಯ ಮಧುಮೇಹವಿರುವ ಹುಡುಗಿಯೊಬ್ಬಳು ಬೆವರಿ, ನಡುಗಿ, ತಡವರಿಸುತ್ತಿರುವಾಗ, ಇದೇ ತರ್ಕವನ್ನು ನೆಚ್ಚಿ ಅಕ್ಕಪಕ್ಕದವರು ಸಕ್ಕರೆಯ ಡಬ್ಬಿಯನ್ನು ಮೇಲಿನ ಗೂಡಿಗೆ ಸರಿಸಿದರೆ, ಅದನ್ನು ಏನೆಂದು ಕರೆಯೋಣ?

ಈ ಬಗೆಯ ಬ್ಯಾನಿಗೆ ಮಗು ತಿಂದ ಪೇಡೆ ಕಾರಣವಲ್ಲ. ದೇಹವನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಮಾಡುವ ಕಣಗಳನ್ನು ನಾಶಮಾಡಿರುತ್ತದೆ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಲೆನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕರ ಹುಡುಗನಿಗೆ ಇನ್ಸುಲಿನ್ ಚುಚ್ಚುವವರೆಗೂ ಇಂಥ ಮಕ್ಕಳಿಗೆ ಮರಣವೇ ಗತಿಯಾಗಿತ್ತು. ಇಂದು ಸೂಜಿ ಬದುಕಿಸುತ್ತದೆ. ಆದರೆ ಆ ಸೂಜಿಗೆ ವಿವೇಕವಿಲ್ಲ. ಆರೋಗ್ಯವಂತರಲ್ಲಿ ಸಕ್ಕರೆ ಇಳಿದಂತೆ ಗ್ರಂಥಿಯು ಇನ್ಸುಲಿನ್ನನ್ನು ತಡೆಹಿಡಿಯುತ್ತದೆ. ಗ್ಲೂಕಗಾನ್ ಎಂಬ ಇನ್ನೊಂದು ರಸವನ್ನು ಬಿಟ್ಟು ಯಕೃತ್ತಿನ ಕಣಜದಿಂದ ಸಕ್ಕರೆ ತೆಗೆಸುತ್ತದೆ. ಚುಚ್ಚಿದ ಇನ್ಸುಲಿನ್ನನ್ನಾದರೋ ಹಿಂದಕ್ಕೆ ಕರೆಯುವ ಉಪಾಯವಿಲ್ಲ. ರೊಟ್ಟಿ ತಡವಾಯಿತು, ಕಬಡ್ಡಿ ಹೆಚ್ಚಾಯಿತು, ಶ್ರಾವಣ ಸೋಮವಾರವೆಂದು ಅಜ್ಜಿ ಉಪವಾಸ ಮಾಡಿಸಿದಳು, ಅಷ್ಟು ಸಾಕು. ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಮಿಗಿಂತ ಇಳಿದರೆ ಎಚ್ಚರಿಕೆ. 54ಕ್ಕಿಂತ ಇಳಿದರೆ ಗಂಡಾಂತರ. ಮಿದುಳಿಗೆ ಉರುವಲು ಸಾಲದೆ ಮಾತು ತೊದಲುತ್ತದೆ, ಕಾಲು ತಪ್ಪುತ್ತದೆ, ಸೌಮ್ಯ ಸ್ವಭಾವದವನೂ ಸಿಡುಕುತ್ತಾನೆ. ನೋಡಿದವರು ‘ಕುಡಿದಾನ’ ಎನ್ನುತ್ತಾರೆ, ಇಲ್ಲವೆ ‘ಮೈಮ್ಯಾಲ ಬಂದದ’ ಎಂದು ನಿಂಬೆಹಣ್ಣು ಇಳಿಸುತ್ತಾರೆ. ಆ ನಿಂಬೆಹಣ್ಣನ್ನು ಹಿಂಡಿ ಸಕ್ಕರೆ ಬೆರೆಸಿ ಕುಡಿಸಿದ್ದರೆ ಎಷ್ಟು ಚೆನ್ನಾಗಿತ್ತು!

ಮದ್ದು ಅಷ್ಟು ಅಗ್ಗದ್ದು. ಹದಿನೈದು ಗ್ರಾಮು, ಅಂದರೆ ಸುಮಾರು ಮೂರು ಟೀ ಚಮಚ, ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕೊಡಬೇಕು. ಚಿಕ್ಕ ಮಕ್ಕಳಿಗೆ ಅದಕ್ಕೂ ಕಡಿಮೆ ಸಾಕು. ಹದಿನೈದು ನಿಮಿಷ ಬಿಟ್ಟು ಮತ್ತೆ ರಕ್ತ ನೋಡಬೇಕು. ಏರದಿದ್ದರೆ ಮತ್ತಷ್ಟು ಕೊಡಬೇಕು. ಶೇಂಗಾ ಹೋಳಿಗೆ ಆಗದು, ಅದರ ಎಣ್ಣೆಯಂಶ ಸಕ್ಕರೆಯನ್ನು ನಿಧಾನಿಸುತ್ತದೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಹನಿ ನೀರನ್ನೂ ಹಾಕಲಾಗದು; ಮಗ್ಗುಲಿಗೆ ಹೊರಳಿಸಿ, 108ಕ್ಕೆ ಹೇಳಬೇಕು. ಇದಕ್ಕೆ ಹೆದರಿ ಇನ್ಸುಲಿನ್ನನ್ನೇ ನಿಲ್ಲಿಸುವ ತಂದೆತಾಯಿಗಳೂ ಉಂಟು. ಅದು ಬಾಣಲೆಯಿಂದ ಬೆಂಕಿಗೆ ಹಾರಿದಂತೆ. ಭೀಮೆಯ ದಂಡೆಯುದ್ದಕ್ಕೂ ಕಬ್ಬು, ಹವಳಗಾದಲ್ಲಿ ಸಕ್ಕರೆ ಕಾರ್ಖಾನೆ, ಇಂಥ ಅಫಜಲಪುರ ಸೀಮೆಯಲ್ಲಿ ಮೂರು ಚಮಚ ಸಕ್ಕರೆಗೆ ಬಡತನವೆ?

ನಮ್ಮ ಪಂಡಿತರಿಗೆ ಈ ಅವಸ್ಥೆಗೆ ಕನ್ನಡ ಬೇಕೆಂದರೆ ‘ರಕ್ತಶರ್ಕರಾನ್ಯೂನತೆ’ ಎಂದು ಟಂಕಿಸಿ ಕೊಟ್ಟಾರು. ಅದನ್ನು ಉಚ್ಚರಿಸಿ ಮುಗಿಸುವಷ್ಟರಲ್ಲಿ ಮಗು ನೆಲಕ್ಕುರುಳಿರುತ್ತದೆ. ‘ಸಕ್ರಿ ಇಳದದ’ ಎಂದರೆ ಏನು ಕೊರತೆ? ಏನಾಗಿದೆಯೆಂಬುದೂ ಏನು ಕೊಡಬೇಕೆಂಬುದೂ ಆ ಎರಡು ಮಾತಿನಲ್ಲೇ ಇವೆ. ಪಠ್ಯಪುಸ್ತಕಕ್ಕೂ ಆಸ್ಪತ್ರೆಯ ಗೋಡೆಗೂ ಇದೇ ಬರಲಿ. ಇದನ್ನು ಗ್ರಾಮ್ಯವೆಂದು ಮೂಗು ಮುರಿಯುವವರೊಡನೆ ನನಗೆ ವಾದವಿಲ್ಲ, ಜಗಳವಿದೆ.

ಇನ್ನು ನನ್ನ ವೃತ್ತಿಬಾಂಧವರ ವಿಚಾರ. ಪರೀಕ್ಷಾ ಕೊಠಡಿಯಲ್ಲಿ ಕಾವಲು ನಿಂತಾಗ ನಮ್ಮ ಕಣ್ಣಿಗೆ ಜೇಬಿನಲ್ಲಿರುವುದೆಲ್ಲ ನಕಲು. 2017ರಲ್ಲಿ ಕೇಂದ್ರೀಯ ಪ್ರೌಢಶಿಕ್ಷಣ ಮಂಡಲಿಯು ತನ್ನ ಬೋರ್ಡ್ ಪರೀಕ್ಷೆಗಳಿಗೆ ಕೂಡುವ ಇಂಥ ಮಕ್ಕಳು ಸಕ್ಕರೆ ಗುಳಿಗೆ, ಹಣ್ಣು, ತಿಂಡಿ ತರಬಹುದೆಂದು ಒಪ್ಪಿತು. ಒಪ್ಪಲು ಅಷ್ಟು ಕಾಲ ಬೇಕಾಯಿತೇಕೆ ಎಂಬುದೇ ವಿಸ್ಮಯ. ಬೆಲ್ಲದ ಅಚ್ಚಿನ ಮೇಲೆ ಹಳಗನ್ನಡ ವ್ಯಾಕರಣ ಬರೆದು ತಂದ ವಿದ್ಯಾರ್ಥಿಯನ್ನು ನಾನಂತೂ ಈವರೆಗೆ ಕಂಡಿಲ್ಲ. ‘ಒಬ್ಬನಿಗೆ ಬಿಟ್ಟರೆ ಎಲ್ಲರೂ ಕೇಳುತ್ತಾರೆ’ ಎಂಬ ಆಕ್ಷೇಪವೊಂದುಂಟು. ಕನ್ನಡಕ ಹಾಕಿಕೊಂಡು ಬರೆಯಲು ಒಬ್ಬನಿಗೆ ಬಿಟ್ಟುದಕ್ಕಾಗಿ ಮಿಕ್ಕವರು ಕನ್ನಡಕ ಕೇಳಿದ್ದುಂಟೆ?

ಸಕ್ಕರೆ ಪದೇ ಪದೇ ಇಳಿದವರಲ್ಲಿ ನಡುಕ, ಬೆವರು ಎಂಬ ಮುನ್ಸೂಚನೆಗಳೇ ಮಂಕಾಗುತ್ತವೆ. ಅಂಥವರಿಗೆ ತಮ್ಮ ಸ್ಥಿತಿ ತಮಗೇ ತಿಳಿಯದು, ಪಕ್ಕದವನೇ ತಿಳಿಯಬೇಕು. ಆದರೆ ಹೆಣ್ಣುಮಗಳಾದರೆ ನಾಳೆ ಲಗ್ನವಾಗದೆಂದು ಮನೆಯವರು ಬ್ಯಾನಿಯನ್ನೇ ಮುಚ್ಚಿಡುತ್ತಾರೆ. ಊರು ಆಡಿಕೊಳ್ಳುವುದಿಲ್ಲವೆಂಬ ಭರವಸೆ ಕೊಡದೆ ಅವರನ್ನು ಬೈದು ಫಲವೇನು? ಮುಖ್ಯಗುರುಗಳು ಶಾಲೆಗೆ ಸೇರಿಸಿಕೊಳ್ಳುವ ದಿನವೇ ತಂದೆತಾಯಿಗಳನ್ನು ಏಕಾಂತದಲ್ಲಿ ಕೇಳಲಿ, ತರಗತಿಯ ಗುರುಗಳಿಗೆ ತಿಳಿಸಲಿ, ಮೇಜಿನ ಖಾನೆಯಲ್ಲಿ ಸಕ್ಕರೆಯ ಪೊಟ್ಟಣವೊಂದನ್ನು ಇಡಲಿ. ಆ ಖಾನೆಗೆ ಬೀಗ ಮಾತ್ರ ಬೇಡ.