ವೈದ್ಯವಿದ್ಯಾರ್ಥಿಗಳೂ ನಮ್ಮ ಮನೆಗಳೂ

ರೋಗಿಯು ಆಸ್ಪತ್ರೆಗೆ ಬರುವಾಗ ತನ್ನ ರೋಗವನ್ನು ಮಾತ್ರ ತರುತ್ತಾನೆ. ಆ ರೋಗ ಬೆಳೆದ ಮನೆಯನ್ನು ಊರಿನಲ್ಲಿಯೇ ಬಿಟ್ಟು ಬಂದಿರುತ್ತಾನೆ. ಆದುದರಿಂದ ವೈದ್ಯನಾಗತಕ್ಕವನು ಓದುವ ಕಾಲದಲ್ಲಿಯೇ ಅಂಥ ಮನೆಗಳನ್ನು ಕಂಡಿರಬೇಕೆಂಬುದು ನಮ್ಮ ದೇಶದಲ್ಲಿ ಹೊಸ ಮಾತೇನೂ ಅಲ್ಲ. 1946ರಲ್ಲಿಯೇ ಭೋರ್ ಸಮಿತಿಯು ‘ಸಾಮಾಜಿಕ ವೈದ್ಯ’ರನ್ನು ತಯಾರು ಮಾಡಬೇಕೆಂದು ತನ್ನ ವರದಿಯಲ್ಲಿ ಹೇಳಿತ್ತು. 1969ರಲ್ಲಿ ಸೇವಾಗ್ರಾಮದಲ್ಲಿ ಆರಂಭವಾದ ವೈದ್ಯಕೀಯ ಸಂಸ್ಥೆಯು ತನ್ನ ವಿದ್ಯಾರ್ಥಿಗಳನ್ನು ಹಳ್ಳಿಯಲ್ಲಿ ತಂಗಿಸಿ, ಒಬ್ಬೊಬ್ಬರಿಗೂ ಕೆಲವು ಕುಟುಂಬಗಳನ್ನು ಒಪ್ಪಿಸುವ ಪದ್ಧತಿಯನ್ನು ನಡೆಸಿಕೊಂಡು ಬಂದಿದೆ. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ‘ಕುಟುಂಬ ದತ್ತು’ ಎಂಬ ಹೆಸರಿನಿಂದ ಇದನ್ನು ಎಲ್ಲ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳ ಪಾಠಕ್ರಮದಲ್ಲಿಯೂ ಸೇರಿಸಿತು. ಆಗ ಹೊರಟ ನಿಯಮದಂತೆ ಇದಕ್ಕೆ ಒಟ್ಟು 78 ಗಂಟೆಗಳು.

ಬಿ.ಎ. ಓದುವವನಿಗೆ ಈ ವಿಚಾರವೇಕೆ ಎಂದು ಮಿತ್ರರು ಕೇಳಬಹುದು. ಹಾಗೆ ದತ್ತುಹೋದ ಮನೆಗಳಲ್ಲಿ ನಮ್ಮದೂ ಒಂದು. ಆ ಹೆಸರನ್ನು ಕೇಳಿದಾಗ ನಮ್ಮ ಅಜ್ಜಿ, “ಮದ್ವೇನೇ ಆಗ್ದಿರೋ ಐಕಳು ನಮ್ಮನ್ನ ದತ್ತು ತಕ್ಕಂಡವ್ರಂತಲ್ಲಪ್ಪ!” ಎಂದು ಬಹಳ ಹೊತ್ತು ನಕ್ಕರು. ಯೋಜನೆಗೆ ಹೆಸರಿಟ್ಟವರು ನಮ್ಮ ಅಜ್ಜಿಯನ್ನು ಒಂದು ಮಾತು ಕೇಳಬಹುದಾಗಿತ್ತು.

ಈ ಭೇಟಿಗಳಿಂದ ವಿದ್ಯಾರ್ಥಿಯು ಕಲಿಯುವುದೇನು? ಮೊದಲನೆಯ ದಿನ ಏನೂ ಇಲ್ಲವೆಂದೇ ನನ್ನ ಅಭಿಪ್ರಾಯ. ಆ ದಿನ ಪಕ್ಕದ ಮನೆಯಿಂದ ಕುರ್ಚಿಗಳು ಬರುತ್ತವೆ, ಅಂಗಡಿಯಿಂದ ಹಾಲು ಬರುತ್ತದೆ. ಬಂದವರು ಹಾಳೆ ನೋಡಿಕೊಂಡು ಪ್ರಶ್ನೆ ಕೇಳುತ್ತಾರೆ. ಶೌಚಾಲಯ ಇದೆಯೆ? ಇದೆ. ಔಷಧ ಸರಿಯಾಗಿ ತೆಗೆದುಕೊಳ್ಳುತ್ತೀರಾ? ಹೂಂ. ಎಲ್ಲರೂ ಹೊಟ್ಟೆ ತುಂಬ ಊಟ ಮಾಡುತ್ತೀರಾ? ಮಾಡುತ್ತೇವೆ. ಇವನ್ನು ಸುಳ್ಳೆಂದು ಕರೆಯಲು ನನಗೆ ಮನಸ್ಸು ಬಾರದು; ಮನೆಗೆ ಬಂದವರ ಎದುರು ಮಾನ ಉಳಿಸಿಕೊಳ್ಳುವ ಮಾತುಗಳಿವು. ಶೌಚಾಲಯದ ತುಂಬ ಸೌದೆ ಒಟ್ಟಿರುವುದನ್ನು ಅವರು ಕೇಳಲೂ ಇಲ್ಲ, ನಮ್ಮವರು ಹೇಳಲೂ ಇಲ್ಲ.

ನಿಜವಾದ ಪಾಠ ನಡೆದದ್ದು ಮೂರನೆಯ ಭೇಟಿಯಲ್ಲಿ. ನಾನೂ ಆಗ ರಜೆಗೆಂದು ಊರಿಗೆ ಬಂದಿದ್ದೆ. ನಮ್ಮ ತಾಯಿಯ ಜೊತೆ ಅವರೆಕಾಯಿ ಸುಲಿಯುತ್ತ ಕುಳಿತ ಒಬ್ಬ ವಿದ್ಯಾರ್ಥಿನಿ, ನೀರು ಕುಡಿಯಲೆಂದು ಅಡಿಗೆಮನೆಗೆ ಹೋದರು. ಒಲೆಯ ಮೇಲಿನ ಗೋಡೆಯ ಗೂಡಿನಲ್ಲಿ ಅಜ್ಜಿಯ ಇನ್ಸುಲಿನ್ ಸೀಸೆ ಅವರ ಕಣ್ಣಿಗೆ ಬಿತ್ತು. ಆಸ್ಪತ್ರೆಯಲ್ಲಿ ‘ಫ್ರಿಜ್ಜಿನಲ್ಲಿಡಿ’ ಎಂದು ಹೇಳಿದ್ದರು. ನಮ್ಮಲ್ಲಿ ಫ್ರಿಜ್ಜಿಲ್ಲವೆಂದು ಅಷ್ಟು ಜನರ ಮುಂದೆ ಹೇಳಲು ಸಂಕೋಚಪಟ್ಟು, ತಾಯಿ ತಲೆಯಾಡಿಸಿ ಬಂದಿದ್ದರು. ಇಲಿಗೂ ಮಕ್ಕಳಿಗೂ ಎಟುಕದ ಜಾಗ ಮನೆಯಲ್ಲಿ ಅದೊಂದೇ. ಆದರೆ ಇನ್ಸುಲಿನ್ ಬಿಸಿಯಲ್ಲಿ ಕೆಡುವ ಔಷಧ. ದಿನವೂ ಒಲೆಯ ಕಾವು ತಗಲಿ ಅದರ ಸತ್ವ ಕಳೆಯುತ್ತಿತ್ತು. ಅಜ್ಜಿಯ ರಕ್ತದಲ್ಲಿ ಸಕ್ಕರೆ ಇಳಿಯಲಿಲ್ಲವೆಂದು ಆಸ್ಪತ್ರೆಯಲ್ಲಿ ಪ್ರತಿ ಸಲವೂ ಪ್ರಮಾಣ ಏರಿಸುತ್ತಲೇ ಇದ್ದರು! ಆ ವಿದ್ಯಾರ್ಥಿನಿ ದೊಡ್ಡ ಮಡಕೆಯಲ್ಲಿ ಒದ್ದೆ ಮರಳು ತುಂಬಿಸಿ, ಅದರೊಳಗೆ ಕುಡಿಕೆ ಹೂಳಿಸಿ, ಹೊಸ ಸೀಸೆಯನ್ನು ಅದರಲ್ಲಿ ಇಡಿಸಿದರು. ಅಂದೇ ತಮ್ಮ ಅಧ್ಯಾಪಕರಿಗೂ ತಿಳಿಸಿದರು. ಕೆಡದ ಔಷಧವನ್ನು ಹೆಚ್ಚಿಸಿದ ಪ್ರಮಾಣದಲ್ಲಿ ಕೊಟ್ಟರೆ ಸಕ್ಕರೆ ಒಮ್ಮೆಲೇ ಕುಸಿದು ಅಪಾಯವಾದೀತೆಂದು ಅವರು ಅಜ್ಜಿಯನ್ನು ಕರೆಸಿ ನೋಡಿ, ಪ್ರಮಾಣವನ್ನು ಇಳಿಸಿದರು.

ಬಡತನ ನೀಗಿಸುವುದು ಸರ್ಕಾರದ ಕೆಲಸ, ವೈದ್ಯನು ಮನೆ ನೋಡಿ ಮಾಡುವುದೇನು ಎಂದು ನಮ್ಮ ಅಧ್ಯಾಪಕರೊಬ್ಬರು ವಾದಿಸಿದರು. ಅವರ ಮೇಲಿನ ಗೌರವಕ್ಕೆ ಕುಂದಿಲ್ಲದಂತೆ ನಾನು ಈ ಮಾತನ್ನು ಒಪ್ಪಲಾರೆ. ಆ ವಿದ್ಯಾರ್ಥಿನಿ ನಮ್ಮ ಬಡತನವನ್ನು ನೀಗಿಸಲಿಲ್ಲ; ಸೀಸೆ ಎಲ್ಲಿದೆಯೆಂದು ನೋಡಿದರು, ಅಷ್ಟೆ. ಬೆಳಿಗ್ಗೆ ಮುದ್ದೆ ಉಂಡು ಕೂಲಿಗೆ ಹೋದರೆ ರಾತ್ರಿಯೇ ಮತ್ತೆ ಉಣ್ಣುವವರಿಗೆ ‘ಊಟದ ನಂತರ ಮೂರು ಹೊತ್ತು’ ಎಂದು ಚೀಟಿ ಬರೆಯುವ ವೈದ್ಯರು, ಅಂಥ ಮನೆಯಲ್ಲಿ ಒಂದು ದಿನ ಕಳೆದಿದ್ದರೆ ಹಾಗೆ ಬರೆಯುತ್ತಿದ್ದರೆ?

ಆದರೆ ನಮ್ಮ ಕೇರಿಯ ಎಲ್ಲ ಮನೆಗಳಿಗೂ ಇಂಥ ಭಾಗ್ಯ ಬರಲಿಲ್ಲ. ಕೆಲವು ಮನೆಗಳಿಗೆ ಮೊದಲನೆಯ ದಿನ ಬಂದವರು ಮರಳಿ ಬರಲೇ ಇಲ್ಲ. ಮುಂದಿನ ಸಂಗತಿಗಳನ್ನು ಫೋನಿನಲ್ಲಿ ಕೇಳಿ ಬರೆದುಕೊಂಡರು. ಪುಸ್ತಕ ತುಂಬಿತು, ಬಹುಶಃ ಸಹಿಯೂ ಬಿದ್ದಿರಬಹುದು. ಒಬ್ಬ ವಿದ್ಯಾರ್ಥಿ ಅದೇ ಮನೆಗೆ ವರ್ಷಗಟ್ಟಲೆ ಹೋಗಬೇಕೆಂಬುದೇ ಈ ಯೋಜನೆಯ ಜೀವಾಳ. ಹೀಗಿರಲು, ಪುಸ್ತಕದ ಅಂದ ನೋಡಿ ಅಂಕ ಕೊಡುವ ಬದಲು ಅಧ್ಯಾಪಕರು ಒಮ್ಮೆ ಆ ಮನೆಗೇ ಹೋಗಿ, “ನಿಮ್ಮ ಹುಡುಗ ಎಷ್ಟು ಸಲ ಬಂದ? ಏನು ನೋಡಿದ?” ಎಂದು ಕೇಳಬಾರದೆ?

ಇನ್ನೊಂದು ಸಣ್ಣ ಸಂಗತಿ. ಕಾಲೇಜಿನ ಬಸ್ಸು ಹನ್ನೊಂದು ಗಂಟೆಗೆ ಊರಿಗೆ ಬಂದು ಎರಡು ಗಂಟೆಗೆ ಹೊರಟುಬಿಡುತ್ತದೆ. ಆ ಹೊತ್ತಿನಲ್ಲಿ ನಮ್ಮ ಕೇರಿಯಲ್ಲಿರುವವರು ಮುದುಕರು ಮತ್ತು ನಾಯಿಗಳು. ಹೊಲದಿಂದ, ಗಾರೆ ಕೆಲಸದಿಂದ, ಗಾರ್ಮೆಂಟ್ಸಿನಿಂದ ಜನ ಹಿಂದಿರುಗುವುದು ದೀಪ ಹಚ್ಚುವ ಹೊತ್ತಿಗೆ. ತಿಂಗಳಿಗೆ ಒಂದು ದಿನವಾದರೂ ಆ ಬಸ್ಸು ಸಂಜೆ ಆರಕ್ಕೆ ಬಂದು ಒಂಬತ್ತಕ್ಕೆ ಹೊರಡಲಿ. ಊಟಕ್ಕೆ ನಮ್ಮಲ್ಲಿ ಮುದ್ದೆ, ಅವರೆಕಾಳಿನ ಸಾರು ಇದ್ದೇ ಇರುತ್ತದೆ.